ಟೀನಾ ಬ್ರೂಕ್ಸ್: ಒಂದು ರಾತ್ರಿ ಉಳಿಸಿಕೊಟ್ಟ ನಾದ

ಬದುಕಿದ್ದಾಗ ಪ್ರತಿಭೆಗೆ ತಕ್ಕ ಮನ್ನಣೆ ಕಾಣದ ಅಮೆರಿಕದ ಜಾಝ್ ಕಲಾವಿದರಲ್ಲಿ ಸ್ಯಾಕ್ಸೊಫೋನ್ ವಾದಕ ಟೀನಾ ಬ್ರೂಕ್ಸ್ ಒಬ್ಬರು.

1932ರ ಜೂನ್ 7ರಂದು ನಾರ್ತ್ ಕೆರೊಲಿನಾದ ಫಯೆಟ್‌ವಿಲ್‌ನಲ್ಲಿ ಜನಿಸಿದ ಅವರ ನಿಜನಾಮ ಹೆರಾಲ್ಡ್ ಫ್ಲಾಯ್ಡ್ ಬ್ರೂಕ್ಸ್. ಪುಟಾಣಿ ಎಂಬರ್ಥದ ಬಾಲ್ಯದ ಅಡ್ಡಹೆಸರೇ ಮುಂದೆ ಟೀನಾ ಎಂದು ನೆಲೆನಿಂತಿತು. ಬ್ಲೂ ನೋಟ್ ಸಂಸ್ಥೆಗಾಗಿ 1958ರಿಂದ 1961ರವರೆಗೆ ಅವರ ನೇತೃತ್ವದಲ್ಲಿ ನಾಲ್ಕು ಆಲ್ಬಂಗಳು ಧ್ವನಿಮುದ್ರಣಗೊಂಡವು. ಜೀವಿತಕಾಲದಲ್ಲಿ ಬಿಡುಗಡೆಯಾದದ್ದು 'ಟ್ರೂ ಬ್ಲೂ' ಒಂದೇ.

ಶ್ರೋತೃಗಳ ಎದುರು ಅವರು ನುಡಿಸಿದ್ದರ ದಾಖಲೆಯಂತೂ ಇನ್ನೂ ವಿರಳ. 1958ರ ಏಪ್ರಿಲ್ 7ರಂದು ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿದ್ದ ಸ್ಮಾಲ್ಸ್ ಪ್ಯಾರಡೈಸ್ ಕ್ಲಬ್ಬಿನಲ್ಲಿ ಆರ್ಗನ್ ವಾದಕ ಜಿಮ್ಮಿ ಸ್ಮಿತ್ ಅವರ ಪುಟ್ಟ ತಂಡದ ಕಛೇರಿ ನಡೆಯಿತು. ಲೂ ಡೊನಾಲ್ಡ್‌ಸನ್ ಅವರ ಆಲ್ಟೊ ಸ್ಯಾಕ್ಸೊಫೋನಿಗೆ ಜೊತೆಯಾಗಿ ಬ್ರೂಕ್ಸ್ ಟೆನರ್ ನುಡಿಸಿದರು. ಬ್ಲೂ ನೋಟ್ ಅದನ್ನು ಸ್ಥಳದಲ್ಲೇ ಧ್ವನಿಮುದ್ರಿಸಿಕೊಂಡಿತು. 'ಕೂಲ್ ಬ್ಲೂಸ್' ಹೆಸರಿನಲ್ಲಿ ಅದು ಹೊರಬಂದದ್ದು ಮಾತ್ರ 1980ರಲ್ಲಿ.

ಅದನ್ನು ಕೇಳಲು ಬ್ರೂಕ್ಸ್ ಉಳಿದಿರಲಿಲ್ಲ. ಮಾದಕ ವ್ಯಸನಕ್ಕೆ ಸಿಲುಕಿದ್ದ ಅವರು 1961ರ ಬಳಿಕ ಧ್ವನಿಮುದ್ರಣದಿಂದ ದೂರವಾಗಿ, 1974ರ ಆಗಸ್ಟ್ 13ರಂದು 42ನೇ ವಯಸ್ಸಿನಲ್ಲಿ ನ್ಯೂಯಾರ್ಕಿನಲ್ಲಿ ನಿಧನರಾಗಿದ್ದರು. ಕ್ಷಣದಲ್ಲಿ ಹುಟ್ಟಿ ಕ್ಷಣದಲ್ಲೇ ಕರಗುವ ಮನೋಧರ್ಮ ವಾದನವೇ ಜಾಝ್‌ನ ಜೀವಾಳ. ಅಂದು ಕ್ಲಬ್ಬಿಗೆ ಧ್ವನಿಮುದ್ರಣ ಯಂತ್ರ ಬಾರದಿದ್ದರೆ ಬ್ರೂಕ್ಸ್ ಅವರ ಆ ರಾತ್ರಿಯ ವಾದನ ಕೇಳಿದವರ ನೆನಪಿನಲ್ಲೇ ಅಳಿದುಹೋಗುತ್ತಿತ್ತು.