ವಿಶ್ವೇಶ್ವರಯ್ಯನವರು ಮತ್ತು ಊರ ನೀರು

ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರ ಹೆಸರು ಕೇಳಿದೊಡನೆ ನಮ್ಮವರ ಕಣ್ಣಮುಂದೆ ನಿಲ್ಲುವುದು ಕನ್ನಂಬಾಡಿ ಕಟ್ಟೆ. ನಿಲ್ಲಬೇಕಾದದ್ದೇ. ಆದರೆ ಅವರ ಜೀವನವನ್ನು ಓದುತ್ತ ಹೋದಂತೆ ನನ್ನ ಮನಸ್ಸನ್ನು ಹೆಚ್ಚಾಗಿ ಸೆಳೆದದ್ದು ಊರುಗಳ ಕುಡಿಯುವ ನೀರಿಗಾಗಿಯೂ ಕೊಳಚೆಯ ವಿಲೇವಾರಿಗಾಗಿಯೂ ಅವರು ಪಟ್ಟ ಶ್ರಮ.

ಮುದ್ದೇನಹಳ್ಳಿಯಲ್ಲಿ ಹುಟ್ಟಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎ. ಮುಗಿಸಿ, ಪುಣೆಯಲ್ಲಿ ಎಂಜಿನಿಯರಿಂಗ್ ಓದಿ, 1884ರಲ್ಲಿ ಅವರು ಮುಂಬಯಿ ಸರಕಾರದ ನೌಕರಿಗೆ ಸೇರಿದ ಕಥೆ ಎಲ್ಲರಿಗೂ ತಿಳಿದದ್ದೇ. ಹತ್ತು ವರ್ಷಗಳ ಬಳಿಕ ಅವರನ್ನು ಸಿಂಧ್ ಪ್ರಾಂತದ ಸಕ್ಕರ್ ಪಟ್ಟಣದ ನೀರಿನ ಕೆಲಸಕ್ಕೆ ಕಳುಹಿಸಿದರು. ಬಿಸಿಲಿನ ಬೇಗೆಯ ಊರು. ಪಕ್ಕದಲ್ಲೇ ಸಿಂಧೂ ನದಿ ಹರಿಯುತ್ತಿದ್ದರೂ ನೀರೆಲ್ಲ ಕೆಸರು. ಅದನ್ನು ಗುಡ್ಡದ ಮೇಲಕ್ಕೆತ್ತಿ, ಸೋಸಿ, ಕೊಳಾಯಿಗಳಲ್ಲಿ ಇಳಿಸಬೇಕೆಂದು ಯೋಜನೆ. ಸೋಸುವ ತೊಟ್ಟಿಗಳನ್ನು ಕಟ್ಟಿಸಲು ಪುರಸಭೆಯಲ್ಲಿ ಹಣವಿಲ್ಲ. ಬೇರೊಬ್ಬರಾಗಿದ್ದರೆ ಕಡತವನ್ನು ಕಟ್ಟಿಡುತ್ತಿದ್ದರೇನೋ! ವಿಶ್ವೇಶ್ವರಯ್ಯನವರು ದಡದ ಹತ್ತಿರ ನದಿಯ ಪಾತ್ರದಲ್ಲೇ ಬಾವಿ ತೋಡಿಸಿದರು. ಮರಳಿನ ಪದರಗಳ ಮೂಲಕ ಬಸಿದು ಬಂದ ನೀರು ತಿಳಿಯಾಗಿತ್ತು. ಒರತೆ ಹೆಚ್ಚಲೆಂದು ನದಿಯ ತಳದಡಿಯಲ್ಲಿ ಸುರಂಗವನ್ನೂ ಕೊರೆಯಿಸಿದರು. ನಮ್ಮ ಹಳ್ಳಿಗಳ ಹೆಂಗಸರು ಬೇಸಗೆಯಲ್ಲಿ ಹೊಳೆಯ ಮರಳು ಬಗೆದು ಒರತೆಯ ನೀರನ್ನು ಕೊಡಕ್ಕೆ ತುಂಬಿಕೊಳ್ಳುವುದಿಲ್ಲವೆ? ತತ್ತ್ವ ಅದೇ. ಅದನ್ನೊಂದು ಪಟ್ಟಣದ ಅಳತೆಗೆ ಹಿಗ್ಗಿಸಲು ಮಾತ್ರ ಲೆಕ್ಕಾಚಾರವೂ ಬೇಕು, ಎದೆಗಾರಿಕೆಯೂ ಬೇಕು.

ಮುಂದೆ 1906ರಲ್ಲಿ ಏಡನ್ ಬಂದರಿನ ನೀರು ಮತ್ತು ಚರಂಡಿಗೂ ಅವರದೇ ಸಲಹೆ.

1908ರ ಸೆಪ್ಟೆಂಬರಿನಲ್ಲಿ ಮೂಸಿ ನದಿ ಉಕ್ಕಿ ಹೈದರಾಬಾದಿನಲ್ಲಿ ಸಾವಿರಾರು ಜನ ಸತ್ತರು. ನಿಜಾಮ ಸರಕಾರ ಮರುವರ್ಷ ಇವರನ್ನು ಕರೆಸಿತು. ಊರಿನ ಮೇಲ್ಗಡೆ ಮೂಸಿಗೂ ಅದರ ಉಪನದಿಯಾದ ಈಸಿಗೂ ಕಟ್ಟೆ ಹಾಕಿ ಪ್ರವಾಹವನ್ನು ತಡೆಹಿಡಿಯಬೇಕೆಂದು ಇವರು ಸೂಚಿಸಿದರು. ಉಸ್ಮಾನ್ ಸಾಗರ 1920ರಲ್ಲಿ, ಹಿಮಾಯತ್ ಸಾಗರ 1927ರಲ್ಲಿ ಮುಗಿದುವು. ಊರನ್ನು ಕೊಚ್ಚಿಹಾಕಿದ ಹೊಳೆಯೇ ಊರಿಗೆ ಕುಡಿಯುವ ನೀರು ಕೊಟ್ಟಿತು!

ಅಷ್ಟಕ್ಕೇ ಅವರು ಬಿಡಲಿಲ್ಲ. ಮನೆಮನೆಗೆ ನೀರು ಬಂದರೆ ಬಳಸಿದ ನೀರೂ ಎಲ್ಲಿಗಾದರೂ ಹೋಗಲೇಬೇಕಷ್ಟೆ. ಬೀದಿಯಲ್ಲಿ ನಿಂತರೆ ಅದು ಸೊಳ್ಳೆಗೂ ರೋಗಕ್ಕೂ ತವರಾಗುತ್ತದೆ. ಆದ್ದರಿಂದ ನೆಲದಡಿಯ ಚರಂಡಿಯ ಯೋಜನೆಯನ್ನೂ ಅವರು ಹಾಕಿಕೊಟ್ಟರು. ಚರಂಡಿಯ ಹೆಸರೆತ್ತಿದರೆ ಮೂಗು ಮುಚ್ಚಿಕೊಂಡು, ಅದರ ಕೆಲಸವನ್ನೆಲ್ಲ ಕೆಲವೇ ಜಾತಿಗಳ ತಲೆಗೆ ಕಟ್ಟಿದ ಸಮಾಜ ನಮ್ಮದು. ವೈದಿಕ ಮನೆತನದಲ್ಲಿ ಹುಟ್ಟಿದವರೊಬ್ಬರು ಕೊಳಚೆಯ ಕೊಳವೆಗಳ ಓಟವನ್ನು ಅಂಗುಲ ಅಂಗುಲವಾಗಿ ಲೆಕ್ಕಹಾಕುತ್ತ ಕುಳಿತರೆಂಬುದು ನನಗೆ ಕಟ್ಟೆಯಷ್ಟೇ ದೊಡ್ಡದಾಗಿ ಕಾಣುತ್ತದೆ.

1912ರಿಂದ 1918ರವರೆಗೆ ಅವರು ಮೈಸೂರಿನ ದಿವಾನರು. 1955ರಲ್ಲಿ ಭಾರತರತ್ನ, 1962ರಲ್ಲಿ ನೂರು ದಾಟಿದ ವಯಸ್ಸಿನಲ್ಲಿ ಮರಣ. ಇವನ್ನೆಲ್ಲ ನಾವು ಪರೀಕ್ಷೆಗಾಗಿ ಬಾಯಿಪಾಠ ಮಾಡುತ್ತೇವೆ. ದಿವಾನಗಿರಿ ಬಿಟ್ಟ ಮೇಲೆ ಹೈದರಾಬಾದಿನವರು ಮತ್ತೆ ಅವರನ್ನು ಕರೆಸಿಕೊಂಡರು, ಚರಂಡಿಯ ಕೆಲಸಕ್ಕೇ, ಅವರು ಹೋದರು.