ಖಡ್ಗಶಿಲ್ಪಿ ಮಸಮುನೆ

ಕಸುಬು ಬಲ್ಲವರನ್ನು ಆಳುವವರು ದೂರದಿಂದ ಕರೆಸಿಕೊಳ್ಳುವುದು ಎಲ್ಲ ದೇಶಗಳಲ್ಲಿಯೂ ನಡೆದು ಬಂದ ಸಂಗತಿ. ಜಪಾನಿನ ಕಾಮಾಕುರದಲ್ಲಿಯೂ ಹಾಗೆಯೇ ಆಯಿತು. ಹನ್ನೆರಡನೆಯ ಶತಮಾನದ ಕೊನೆಗೆ ಯೋಧರ ಸರಕಾರ ಅಲ್ಲಿ ನೆಲೆಯೂರಿತು. ಖಡ್ಗ ಹಿಡಿಯುವವರಿಗೆ ಅಲ್ಲಿ ಕೊರತೆಯಿರಲಿಲ್ಲ; ಹೆಸರಾಂತ ಖಡ್ಗ ಕಮ್ಮಾರರು ಮಾತ್ರ ಕ್ಯೋಟೋದಲ್ಲಿಯೂ ಬಿಜೆನ್ ಪ್ರಾಂತದಲ್ಲಿಯೂ ಇದ್ದರು. ಹದಿಮೂರನೆಯ ಶತಮಾನದ ನಡುವಿನಲ್ಲಿ ಆ ಎರಡು ಕಡೆಗಳಿಂದಲೂ ಕೆಲವರು ಬಂದು ಕಾಮಾಕುರದಲ್ಲಿ ಕುಲುಮೆ ಹೂಡಿದರು. ಎರಡೂರಿನ ವಿದ್ಯೆ ಮೂರನೆಯ ಊರಿನಲ್ಲಿ ಕೂಡಿತು. ಹೊಟ್ಟೆಪಾಡಿಗೆ ಊರು ಬಿಟ್ಟು ಬಂದ ನಮಗೆ ಕಥೆಯ ಈ ಭಾಗವೇ ಹೆಚ್ಚು ಹಿಡಿಸಿತೆಂದರೆ ವಾಚಕರು ನಗಬಾರದು.

ಹೀಗೆ ಬೆಳೆದ ಸಂಪ್ರದಾಯಕ್ಕೆ ಸೋಶೂ ಎಂದು ಹೆಸರು. ಅದರ ಮೊದಲ ದೊಡ್ಡ ಕುಶಲಿ ಕುನಿಮಿತ್ಸು. ಅವನ ಶಿಷ್ಯನೇ ಗೊರೋ ನ್ಯೂದೋ ಮಸಮುನೆ. 1274 ಮತ್ತು 1281ರಲ್ಲಿ ಮಂಗೋಲರು ಕಡಲು ದಾಟಿ ದಂಡೆತ್ತಿ ಬಂದಿದ್ದರು. ಆ ಭಯ ಇನ್ನೂ ಆರದ ಕಾಲದಲ್ಲಿ ಅವನ ಸುತ್ತಿಗೆ ಏಳತೊಡಗಿತು. ಹದಿನಾಲ್ಕನೆಯ ಶತಮಾನದ ಮೊದಲ ದಶಕಗಳವರೆಗೂ ಅದು ನಿಲ್ಲಲಿಲ್ಲ.

ಖಡ್ಗಕ್ಕೆ ಬೇಕಾದ ಗುಣಗಳು ಎರಡು, ಅವೆರಡಕ್ಕೂ ಹಗೆ. ಬಾಯಿ ಗಡುಸಾಗಿರಬೇಕು, ಆದರೆ ಬರಿಯ ಗಡುಸು ಉಕ್ಕು ಪೆಟ್ಟಿಗೆ ಸಿಡಿಯುತ್ತದೆ. ಜಪಾನಿನ ಕಮ್ಮಾರರು ಕಬ್ಬಿಣದ ಮರಳನ್ನು ಇದ್ದಲಿನೊಡನೆ ಕಾಯಿಸಿ ಉಕ್ಕು ತೆಗೆದು, ಅದನ್ನು ಮಡಿಸಿ ಮಡಿಸಿ ಬಡಿಯುತ್ತಿದ್ದರು. ಆಮೇಲೆ ಅಲಗಿನ ಬೆನ್ನಿಗೆ ದಪ್ಪವಾಗಿ, ಬಾಯಿಗೆ ತೆಳ್ಳಗೆ ಜೇಡಿ ಮೆತ್ತಿ, ಕೆಂಪಗೆ ಕಾಯಿಸಿ ನೀರಿಗೆ ಅದ್ದುತ್ತಿದ್ದರು. ತೆಳ್ಳಗೆ ಮೆತ್ತಿದಲ್ಲಿ ಬಿಸಿ ತಟ್ಟನೆ ಇಳಿದು ಉಕ್ಕು ಗಡುಸಾಗುತ್ತದೆ. ದಪ್ಪ ಮಣ್ಣಿನಡಿ ನಿಧಾನವಾಗಿ ಆರಿ ಬಾಗಬಲ್ಲದಾಗಿ ಉಳಿಯುತ್ತದೆ. ಎರಡೂ ಕೂಡುವ ಗೆರೆಯೇ ಅಲಗಿನ ಅಂದ. ಮಸಮುನೆ ಈ ಕಾವನ್ನು ಇತರರಿಗಿಂತ ಮೇಲಕ್ಕೇರಿಸಿದ. ಸ್ವಲ್ಪ ತಪ್ಪಿದರೂ ಅಲಗು ಬಿರಿದು ತಿಂಗಳ ದುಡಿಮೆ ಮಣ್ಣುಪಾಲು. ತಪ್ಪದಿದ್ದಾಗ ಆ ಗೆರೆಯುದ್ದಕ್ಕೂ ನಿಯೆ ಎಂಬ ಹರಳುಗಳು ಇರುಳಿನ ಚುಕ್ಕೆಗಳಂತೆ ಮಿನುಗಿದವು. ನಡುನಡುವೆ ಮಿಂಚಿನೆಳೆಗಳು ಹರಿದವು.

ಇಷ್ಟೆಲ್ಲ ಮಾಡಿದವನು ತನ್ನ ಹೆಸರು ಕೆತ್ತಿದ್ದು ಬೆರಳೆಣಿಕೆಯಷ್ಟು ಅಲಗುಗಳ ಮೇಲೆ ಮಾತ್ರ. ಫುದೋ ಮಸಮುನೆ ಎಂಬ ಕಿರುಗತ್ತಿ ಅವುಗಳಲ್ಲೊಂದು. ಇದರಿಂದ 1896ರಲ್ಲಿ ಜಪಾನಿನವರೇ ಒಬ್ಬರು ಅಂಥವನೊಬ್ಬ ಇರಲೇ ಇಲ್ಲವೆಂದು ವಾದ ಹೂಡಿದರು. ಉಕ್ಕನ್ನು ಓದಬಲ್ಲವರು ಅದನ್ನು ಒಪ್ಪಲಿಲ್ಲ. ಮುರಾಮಸನೊಡನೆ ಅವನು ಪಂದ್ಯಕ್ಕಿಳಿದನೆಂಬ ಕಥೆ ಜನಪ್ರಿಯವಾಗಿದೆ. ಮುರಾಮಸ ಬಂದದ್ದು ಸುಮಾರು ಇನ್ನೂರು ವರ್ಷಗಳ ಮೇಲೆ. ಕಥೆ ಚೆನ್ನಾಗಿದೆ, ಅಷ್ಟೇ.

ಅವನ ಖಡ್ಗಗಳಲ್ಲಿ ಹೊಂಜೋ ಮಸಮುನೆ ಎಂಬುದು ತಲೆಮಾರುಗಳ ಕಾಲ ತೋಕುಗಾವ ಮನೆತನದಲ್ಲಿತ್ತು. 1939ರಲ್ಲಿ ಸರಕಾರ ಅದನ್ನು ರಾಷ್ಟ್ರೀಯ ನಿಧಿಯೆಂದು ಸಾರಿತು. ಯುದ್ಧ ಸೋತ ಮೇಲೆ, 1945ರ ಕೊನೆಯಲ್ಲಿ, ಆಯುಧ ಒಪ್ಪಿಸಬೇಕೆಂಬ ಆಜ್ಞೆಗೆ ತಲೆಬಾಗಿ ಮನೆಯವರು ಅದನ್ನು ಟೋಕಿಯೋದ ಪೊಲೀಸು ಠಾಣೆಗೆ ಕೊಟ್ಟರು. ಅಲ್ಲಿಂದ ಅದು ವಿಜಯಿ ಸೈನ್ಯದವನೊಬ್ಬನ ಕೈಸೇರಿತಂತೆ. ಇಂದಿಗೂ ಹಿಂದಿರುಗಿಲ್ಲ.