ಗಾಳಿಯ ಮರ್ಮವನ್ನರಿತ ಗುರುವರ್ಯ: ಫಾದರ್ ಬೆನಿತೊ ವಿನ್ಯೆಸ್

ಸಂತಪದವಿಯ ಗೌರವಕ್ಕೆ ಪಾತ್ರರಾಗದಿದ್ದರೂ ಜನರ ಪ್ರಾಣರಕ್ಷಣೆಗಾಗಿ ತಮ್ಮ ಬಾಳನ್ನೇ ಸವೆಸಿದ ಗುರುವರ್ಯರು ಧರ್ಮಸಭೆಯ ಇತಿಹಾಸದಲ್ಲಿ ಅನೇಕರಿದ್ದಾರೆ. ಅಂಥವರಲ್ಲೊಬ್ಬರು ಯೇಸುಸಭೆಯ ಫಾದರ್ ಬೆನಿತೊ ವಿನ್ಯೆಸ್. ಕ್ಯೂಬಾ ದ್ವೀಪದ ಜನತೆ ಅವರನ್ನು ಚಂಡಮಾರುತಗಳ ಪಾದ್ರಿಯೆಂದೇ ಕರೆಯುತ್ತಿತ್ತು. ಅವರ ಜೀವನವನ್ನು ಸಂಕ್ಷೇಪವಾಗಿ ಓದುಗರ ಮುಂದಿಡಲು ಬಯಸುತ್ತೇವೆ.

ವಿನ್ಯೆಸ್ ಅವರು 1837ರ ಸೆಪ್ಟೆಂಬರ್ 19ರಂದು ಸ್ಪೇನ್ ದೇಶದ ಕತಲೋನಿಯ ಪ್ರಾಂತದ ಪೊಬೊಲೆದ ಎಂಬ ಊರಿನಲ್ಲಿ ಜನಿಸಿದರು. ತಾರುಣ್ಯದಲ್ಲೇ ಯೇಸುಸಭೆಯನ್ನು ಸೇರಿದರು. 1868ರ ಕ್ರಾಂತಿಯ ಫಲವಾಗಿ ಸ್ಪೇನಿನಿಂದ ಯೇಸುಸಭೆಯವರು ಹೊರದೂಡಲ್ಪಟ್ಟಾಗ ಅವರೂ ತಾಯ್ನಾಡನ್ನು ತೊರೆಯಬೇಕಾಯಿತು. 1870ರಲ್ಲಿ ಕ್ಯೂಬಾದ ರಾಜಧಾನಿ ಹವಾನಾ ನಗರವನ್ನು ತಲುಪಿ, ಅಲ್ಲಿನ ಬೆಲೆನ್ ಕಾಲೇಜಿನ ವೀಕ್ಷಣಾಲಯದ ನಿರ್ದೇಶಕರಾದರು. ಬೆಲೆನ್ ಎಂದರೆ ಸ್ಪ್ಯಾನಿಷ್ ಭಾಷೆಯಲ್ಲಿ ಬೆತ್ಲೆಹೇಮ್. ಮುಂದಿನ ಇಪ್ಪತ್ತಮೂರು ವರ್ಷಗಳ ಕಾಲ, ಅಂದರೆ ಕೊನೆಯುಸಿರಿನವರೆಗೆ, ಅದೇ ಅವರ ಕರ್ಮಭೂಮಿಯಾಯಿತು.

ಅಂದಿನ ನಾವಿಕರು ಚಂಡಮಾರುತವನ್ನು ಅರಿಯದವರೇನೂ ಅಲ್ಲ. ನಮ್ಮ ಕಲ್ಕತ್ತೆಯಲ್ಲಿದ್ದ ಹೆನ್ರಿ ಪಿಡಿಂಗ್ಟನ್ ಎಂಬ ವಿದ್ವಾಂಸರು ಬಂಗಾಳಕೊಲ್ಲಿಯ ಬಿರುಗಾಳಿಗಳನ್ನು ಅಭ್ಯಸಿಸಿ, ಅವುಗಳಿಗೆ ಸೈಕ್ಲೋನ್ ಎಂಬ ಹೆಸರನ್ನು ಕೊಟ್ಟಿದ್ದರು. ಆದರೆ ಗಾಳಿಯು ಕೇಂದ್ರದ ಸುತ್ತ ಶುದ್ಧ ವೃತ್ತಾಕಾರವಾಗಿ ಬೀಸುವುದೆಂಬುದೇ ಆ ಕಾಲದಲ್ಲಿ ಬಹುಮಂದಿಯ ನಂಬಿಕೆಯಾಗಿತ್ತು. ಆದುದರಿಂದ ಉತ್ತರಾರ್ಧಗೋಳದಲ್ಲಿ ಗಾಳಿಗೆ ಎದುರಾಗಿ ನಿಂತವನ ನೇರ ಬಲಕ್ಕೆ ಬಿರುಗಾಳಿಯ ಕೇಂದ್ರವಿದೆಯೆಂದು ಎಣಿಸುತ್ತಿದ್ದರು. ಈ ಎಣಿಕೆಯನ್ನು ನೆಚ್ಚಿದ ಹಡಗು ಅಪಾಯದಿಂದ ಪಾರಾಗುವ ಬದಲು ಅಪಾಯದ ಬಾಯಿಗೇ ಬೀಳುವ ಸಂಭವವಿತ್ತು.

ವಿನ್ಯೆಸ್ ಅವರು ಮುಂಜಾನೆಯಿಂದ ರಾತ್ರಿಯವರೆಗೆ ದಿನಕ್ಕೆ ಹಲವು ಬಾರಿ ವಾಯುಭಾರವನ್ನೂ ಗಾಳಿಯ ದಿಕ್ಕನ್ನೂ ಗುರುತಿಸುತ್ತಿದ್ದರು. ಎಲ್ಲಕ್ಕೂ ಮಿಗಿಲಾಗಿ ಮೋಡಗಳ ಚಲನೆಯನ್ನು ಗಮನಿಸುತ್ತಿದ್ದರು. ಚಂಡಮಾರುತದ ಗಾಳಿಯು ಎತ್ತರಕ್ಕೆ ಅನುಗುಣವಾಗಿ ದಿಕ್ಕನ್ನು ಬದಲಿಸುವುದೆಂದು ಅವರು ಕಂಡುಕೊಂಡರು. ಸಮುದ್ರಮಟ್ಟದಲ್ಲಿ ಅದು ಸುರುಳಿಯಾಗಿ ಒಳಮುಖವಾಗಿ ನುಗ್ಗುತ್ತದೆ. ಮಧ್ಯದ ಎತ್ತರದಲ್ಲಿ ಸುತ್ತುತ್ತದೆ. ಅತ್ಯುನ್ನತ ಸ್ತರದಲ್ಲಿ ಹೊರಮುಖವಾಗಿ ಹರಡುತ್ತದೆ. ಹೀಗೆ ಹೊರಚೆಲ್ಲುವ ಗಾಳಿಯೇ ಗರಿಗಳಂತಹ ತೆಳುಮೋಡಗಳನ್ನು ಆಗಸದಲ್ಲಿ ಹಾಸುತ್ತದೆ. ಆ ಗರಿಗಳು ದಿಗಂತದ ಯಾವ ಬಿಂದುವಿನಿಂದ ಹೊರಟಂತೆ ತೋರುವುವೋ ಆ ದಿಕ್ಕಿನಲ್ಲಿ ಚಂಡಮಾರುತವಿದೆ. ಆ ಬಿಂದು ಕದಲದೆ ನಿಂತರೆ ಬಿರುಗಾಳಿ ನಮ್ಮತ್ತಲೇ ಬರುತ್ತಿದೆ. ಸರಿಯುತ್ತ ಹೋದರೆ ಪಕ್ಕದಲ್ಲಿ ಹಾದುಹೋಗುತ್ತದೆ. ಉಪಗ್ರಹವಾಗಲಿ ರೇಡಿಯೋ ಆಗಲಿ ಇಲ್ಲದ ಕಾಲದಲ್ಲಿ ನೂರಾರು ಮೈಲಿ ದೂರದ ವಿಪತ್ತನ್ನು ಬರಿಗಣ್ಣಿನಿಂದ ಓದುವ ವಿದ್ಯೆಯಿದು.

1875ರ ಸೆಪ್ಟೆಂಬರ್ 11ರಂದು ಅವರ ಮುನ್ನೆಚ್ಚರಿಕೆ ಹವಾನಾದ ಪತ್ರಿಕೆಗಳಲ್ಲಿ ಪ್ರಕಟವಾಯಿತು. ಎರಡೇ ದಿನಗಳೊಳಗೆ ಚಂಡಮಾರುತ ಕ್ಯೂಬಾದ ದಕ್ಷಿಣ ಭಾಗವನ್ನು ಹೊಡೆಯಿತು. ಅದೇ ಬಿರುಗಾಳಿ ಮುಂದೆ ಸಾಗಿ 16ರಂದು ಟೆಕ್ಸಾಸಿನ ಇಂಡಿಯಾನೋಲಾ ಪಟ್ಟಣವನ್ನು ನೆಲಸಮ ಮಾಡಿತು. 1876ರಲ್ಲಿ ಮತ್ತೆ ಚಂಡಮಾರುತಗಳೆದ್ದಾಗ ಅವರು ಪೀಡಿತ ಪ್ರದೇಶಗಳನ್ನು ಸ್ವತಃ ಸುತ್ತಿದರು. ಮರಗಳು ಯಾವ ದಿಕ್ಕಿಗೆ ಉರುಳಿವೆ, ಕಟ್ಟಡಗಳು ಹೇಗೆ ಹಾಳಾಗಿವೆ ಎಂಬುದನ್ನು ಪರಿಶೀಲಿಸಿ, 1877ರಲ್ಲಿ ಗ್ರಂಥವೊಂದನ್ನು ಹೊರತಂದರು. ತಂತಿಯ ಮೂಲಕ ದ್ವೀಪದಿಂದ ದ್ವೀಪಕ್ಕೆ ಸುದ್ದಿ ತಲುಪುವ ಏರ್ಪಾಡನ್ನೂ ಬೆಳೆಸಿದರು. ವರ್ತಕರೂ ಹಡಗಿನ ಒಡೆಯರೂ ಅವರ ಮಾತಿಗೆ ಕಿವಿಗೊಡತೊಡಗಿದರು.

ಗಾಳಿಯ ಪಾತ್ರವನ್ನು ಇಂದಿನ ವಿಜ್ಞಾನ ಇನ್ನಷ್ಟು ಸ್ಪಷ್ಟಪಡಿಸಿದೆ. ಸುಮಾರು 26.5 ಡಿಗ್ರಿ ಸೆಲ್ಸಿಯಸ್ಸಿಗಿಂತ ಬೆಚ್ಚಗಿನ ಕಡಲಿನ ಮೇಲೆ ಗಾಳಿ ಬೀಸಿದಾಗ ನೀರು ಆವಿಯಾಗುತ್ತದೆ. ಆವಿ ಮೇಲೇರಿ ಮೋಡವಾಗುವಾಗ ಶಾಖ ಬಿಡುಗಡೆಯಾಗುತ್ತದೆ. ಶಾಖದಿಂದ ಕೇಂದ್ರದ ವಾಯುಭಾರ ಕುಸಿದು ಗಾಳಿ ಇನ್ನೂ ವೇಗವಾಗಿ ಒಳನುಗ್ಗುತ್ತದೆ. ವೇಗ ಹೆಚ್ಚಿದಷ್ಟೂ ಆವಿಯೂ ಹೆಚ್ಚುತ್ತದೆ. ಈ ಚಕ್ರ ಬೆಳೆದು ಗಾಳಿಯ ವೇಗ ಗಂಟೆಗೆ 119 ಕಿಲೋಮೀಟರನ್ನು ಮುಟ್ಟಿದಾಗ ಅದು ಹರಿಕೇನ್ ಎನಿಸುತ್ತದೆ. ಆದರೆ ಬಿರುಗಾಳಿಯನ್ನು ಪೋಷಿಸುವ ಗಾಳಿಯೇ ಅದಕ್ಕೆ ಮೃತ್ಯುವೂ ಆಗಬಲ್ಲದು. ಕೆಳಸ್ತರದ ಗಾಳಿ ಒಂದು ಕಡೆಗೂ ಮೇಲ್ಸ್ತರದ ಗಾಳಿ ಇನ್ನೊಂದು ಕಡೆಗೂ ಅಥವಾ ಬೇರೆ ವೇಗದಲ್ಲೂ ಬೀಸಿದರೆ, ಸುಳಿಯ ಕಂಬ ವಾಲುತ್ತದೆ. ಸಂಚಿತ ಶಾಖ ಪಕ್ಕಕ್ಕೆ ಒಯ್ಯಲ್ಪಟ್ಟು, ಒಣಗಾಳಿ ಒಳಹೊಕ್ಕು, ಬಿರುಗಾಳಿ ಸೊರಗುತ್ತದೆ. ಪೆಸಿಫಿಕ್ ಸಾಗರದಲ್ಲಿ ಎಲ್ ನಿನೊ ತಲೆದೋರಿದ ವರ್ಷಗಳಲ್ಲಿ ಅಟ್ಲಾಂಟಿಕ್ ಹರಿಕೇನುಗಳು ಸಾಮಾನ್ಯವಾಗಿ ಕಡಿಮೆಯಾಗಲು ಇದೇ ಮುಖ್ಯ ಕಾರಣ. ಗಾಳಿಯನ್ನು ಸ್ತರಸ್ತರವಾಗಿ ನೋಡಬೇಕೆಂಬ ದೃಷ್ಟಿ ಬೆಲೆನ್ ಮಾಳಿಗೆಯ ಮೇಲೆ ನಿಂತ ಆ ಗುರುವಿನಲ್ಲಿ ಆಗಲೇ ಇತ್ತು.

ಷಿಕಾಗೋದಲ್ಲಿ 1893ರಲ್ಲಿ ನಡೆದ ಹವಾಮಾನ ಸಮ್ಮೇಳನಕ್ಕಾಗಿ ಅವರು ತಮ್ಮ ಜೀವಮಾನದ ಅರಿವನ್ನೆಲ್ಲ ಒಂದು ಪ್ರಬಂಧದಲ್ಲಿ ಅಡಕಗೊಳಿಸಿದರು. ಅದನ್ನು ಮುಗಿಸಿದ ಸ್ವಲ್ಪದರಲ್ಲೇ, ಜುಲೈ 23ರಂದು, ಹವಾನಾದಲ್ಲಿ ದೈವಾಧೀನರಾದರು. ಕೃತಿ 1895ರಲ್ಲಿ ಅಚ್ಚಾಯಿತು.

ಅವರ ಪರಂಪರೆಯ ಬೆಲೆ ಎಷ್ಟೆಂಬುದನ್ನು ಲೋಕ ಅರಿತದ್ದು ದುಃಖದ ಮೂಲಕವೇ. 1900ರಲ್ಲಿ ಕ್ಯೂಬಾ ಅಮೆರಿಕದ ಆಡಳಿತದಲ್ಲಿದ್ದಾಗ, ಕ್ಯೂಬಾದ ವೀಕ್ಷಕರು ಚಂಡಮಾರುತದ ಸುದ್ದಿಯನ್ನು ತಂತಿಯಲ್ಲಿ ಕಳುಹಿಸದಂತೆ ಅಮೆರಿಕದ ಹವಾಮಾನ ಇಲಾಖೆ ತಡೆ ತಂದಿತ್ತು. ಆ ಸೆಪ್ಟೆಂಬರಿನಲ್ಲಿ ಎದ್ದ ಬಿರುಗಾಳಿ ಮೆಕ್ಸಿಕೋ ಕೊಲ್ಲಿಯನ್ನು ದಾಟಿ ಟೆಕ್ಸಾಸಿನತ್ತ ಸಾಗುವುದೆಂದು ಬೆಲೆನಿನವರು ಎಣಿಸಿದರು. ಇಲಾಖೆಯವರು ಅದು ಉತ್ತರಕ್ಕೆ ತಿರುಗುವುದೆಂದು ನಂಬಿದರು. 8ರಂದು ಗ್ಯಾಲ್ವೆಸ್ಟನ್ ನಗರವನ್ನು ಸಮುದ್ರ ನುಂಗಿತು. ಆರು ಸಾವಿರಕ್ಕೂ ಹೆಚ್ಚು ಮಂದಿ ಮಡಿದರು.

ಬಿರುಗಾಳಿಯನ್ನು ತಡೆಯುವ ಶಕ್ತಿ ವಿನ್ಯೆಸ್ ಅವರಿಗಿರಲಿಲ್ಲ. ಅಂಥ ಶಕ್ತಿ ಇಂದಿಗೂ ಯಾವ ಮಾನವನಿಗೂ ಇಲ್ಲ. ಅದು ಬರುವ ಮೊದಲೇ ನೆರೆಯವನ ಬಾಗಿಲನ್ನು ತಟ್ಟಿ ಎಚ್ಚರಿಸುವುದು ಮಾತ್ರ ಸಾಧ್ಯವೆಂದು ಅವರು ತೋರಿಸಿಕೊಟ್ಟರು. ಪರಪ್ರೇಮವು ಕೆಲವೊಮ್ಮೆ ವಾಯುಭಾರಮಾಪಕದ ಮುಂದೆ ಕಳೆದ ಏಕಾಂತದ ದಿನಗಳ ರೂಪದಲ್ಲೂ ಬರಬಹುದೆಂಬ ಪಾಠವನ್ನು ನಾವು ಅವರ ಬಾಳಿನಿಂದ ಕಲಿಯುತ್ತೇವೆ. ಅವರ ಪುಣ್ಯಸ್ಮರಣೆಗೆ ನಮ್ಮ ವಂದನೆಗಳು.